ಕೈಗೆ ಸಿಕ್ಕವನ ಜೇಬು

ಗೆಳೆಯಾ,

ನಿನ್ನ ಪತ್ರ ಬಂದು ಹದಿನೈದು ದಿನ ಆಯಿತು. ಎರಡು ಸಲ ಉತ್ತರ ಬರೆಯಲು ಕೂತೆ. ಮೊದಲ ಸಲ ನಿನಗಿಂತ ಜಾಸ್ತಿ ಬೈದು ಬರೆದಿದ್ದೆ. ಎರಡನೇ ಸಲ ಬರೆದದ್ದು ಯಾವುದೋ ಇಲಾಖೆಯ ಪ್ರಕಟಣೆ ಥರ ಕಾಣಿಸಿತು. ಎರಡನ್ನೂ ಹರಿದು ಹಾಕಿದೆ. ಇದು ಮೂರನೆಯದು. ಹೇಗೇ ಬರಲಿ, ಕಳಿಸಿಬಿಡುತ್ತೇನೆ.

"ಎರಡು ವರ್ಷದಿಂದ ಸಂಬಳ ಏರಿಲ್ಲ, ಪಕ್ಕದಲ್ಲಿ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಮನೆಗೆ ಹೋದರು, ತೆರಿಗೆ ಕಡಿತ ಮಾತ್ರ ಒಂದು ತಿಂಗಳೂ ತಪ್ಪಿಲ್ಲ. ಇವನ್ನೆಲ್ಲ ಅರ್ಧಕ್ಕೆ ಇಳಿಸಲಿ, ದೇಶ ತಾನಾಗಿ ಎದ್ದು ನಿಲ್ಲುತ್ತೆ" ಅಂತ ಬರೆದಿದ್ದೀಯಲ್ಲ, ಅದು ತಲೆಯಿಂದ ಹೋಗುತ್ತಲೇ ಇಲ್ಲ. ಕಡಿತದ ಬಗ್ಗೆ ನೀನು ಹೇಳಿದ್ದಕ್ಕೆ ನನ್ನದು ಪೂರ್ತಿ ಒಪ್ಪಿಗೆ. ಅರ್ಧಕ್ಕೆ ಇಳಿಸಿದರೆ ಎಲ್ಲ ಸರಿಹೋಗುತ್ತೆ ಅನ್ನೋದರ ಬಗ್ಗೆ ಮಾತ್ರ ಜಗಳ ಇದೆ.

ಮೊದಲು ಒಪ್ಪಿಗೆಯ ಮಾತು. ಕಣ್ಣಿಗೆ ಕಾಣುವ ಕಡಿತಕ್ಕೆ ನಾವು ಬೈಯುತ್ತೇವೆ. ಕಾಣದೆ ಹೋಗುವುದು ಅದಕ್ಕಿಂತ ಜಾಸ್ತಿ ನೋಯಿಸುತ್ತದೆ. ಲೆಕ್ಕ ಹಾಕಿ ನೋಡು. ಒಬ್ಬನಿಗೆ ತಿಂಗಳಿಗೆ ನೂರು ಬರುತ್ತದೆ, ನೂರೂ ಖರ್ಚಾಗುತ್ತದೆ. ಇನ್ನೊಬ್ಬನಿಗೆ ಸಾವಿರ ಬರುತ್ತದೆ, ಮುನ್ನೂರು ಖರ್ಚಾಗುತ್ತದೆ, ಉಳಿದದ್ದು ಬ್ಯಾಂಕಿಗೋ ಷೇರಿಗೋ ಹೋಗುತ್ತದೆ. ಕೊಳ್ಳುವ ಪ್ರತಿ ವಸ್ತುವಿನ ಬೆಲೆಯಲ್ಲಿ ಹತ್ತನೇ ಒಂದು ಪಾಲು ತೆರಿಗೆ ಅಂದುಕೋ. ಮೊದಲನೆಯವನು ಕಟ್ಟಿದ್ದು ಹತ್ತು, ಅಂದರೆ ಅವನ ಆದಾಯದ ಶೇ 10. ಎರಡನೆಯವನು ಕಟ್ಟಿದ್ದು ಮೂವತ್ತು, ಅಂದರೆ ಶೇ 3. ಸೋಪಿನ ಮೇಲಿನ ತೆರಿಗೆ ಇಬ್ಬರಿಗೂ ಒಂದೇ ದರ. ಕಾಗದದ ಮೇಲೆ ಸಮಾನತೆ. ಆಮೇಲೆ ಟೀವಿಯಲ್ಲಿ ಯಾರೋ ಕೂತು "ಈ ಬಡವರು ತೆರಿಗೆಯನ್ನೇ ಕಟ್ಟುವುದಿಲ್ಲ" ಅಂತಾರೆ ನೋಡು, ನನಗೆ ಆಗ ಮೈಯೆಲ್ಲ ಉರಿಯುತ್ತದೆ.

ಇನ್ನೊಂದು ಉಪಾಯ ಇದಕ್ಕಿಂತ ನಾಜೂಕು. ತೆರಿಗೆ ಏರಿಸುವುದೇ ಬೇಡ, ಏನೂ ಮಾಡದೆ ಕೂತರೆ ಸಾಕು. ಬೆಲೆ ಏರುತ್ತದೆ, ಅದರ ಹಿಂದೆ ಏದುಸಿರು ಬಿಡುತ್ತಾ ಸಂಬಳವೂ ಒಂಚೂರು ಏರುತ್ತದೆ. ಆ ಸಂಬಳದಲ್ಲಿ ಮೊದಲು ಕೊಳ್ಳುತ್ತಿದ್ದಷ್ಟೂ ಕೊಳ್ಳಲು ಆಗುವುದಿಲ್ಲ. ಆದರೆ ತೆರಿಗೆಯ ಮಿತಿ ಇದ್ದಲ್ಲೇ ಇರುವುದರಿಂದ ನೀನು ಅದನ್ನು ದಾಟಿ ತೆರಿಗೆಯೊಳಗೆ ಬಿದ್ದಿರುತ್ತೀಯ. ಬ್ರಿಟನ್‌ನಲ್ಲಿ ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಆ ಮಿತಿಯನ್ನು 2021ರಿಂದ ಅಲ್ಲಾಡಿಸಿಲ್ಲ. ನಡುವೆ ಬೆಲೆಗಳು ಎಲ್ಲಿಗೆ ಹೋದವು ಅನ್ನೋದು ಗೊತ್ತೇ ಇದೆ. "ನಾವು ದರ ಏರಿಸಿಲ್ಲ" ಅಂತ ಮಂತ್ರಿಗಳು ಎದೆ ತಟ್ಟಿಕೊಂಡು ಹೇಳಬಹುದು. ಸುಳ್ಳೂ ಅಲ್ಲ ಅದು.

ಸರಿ, ಈಗ ಜಗಳಕ್ಕೆ ಬರೋಣ. ತೆರಿಗೆಯನ್ನು ಅರ್ಧಕ್ಕೆ ಇಳಿಸುವ ನಿನ್ನ ಯೋಜನೆಯನ್ನು ಒಂದು ದೇಶ ನಿಜವಾಗಿಯೂ ಮಾಡಿ ನೋಡಿದೆ.

ಶ್ರೀಲಂಕಾದಲ್ಲಿ 2019ರ ನವೆಂಬರ್‌ನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾದರು. ತೆರಿಗೆ ಇಳಿಸುತ್ತೇನೆ ಅಂತಲೇ ಓಟು ಕೇಳಿದ್ದರು, ಮಾತು ಉಳಿಸಿಕೊಂಡರು. ಡಿಸೆಂಬರ್ ಒಂದನೇ ತಾರೀಕಿನಿಂದ ವ್ಯಾಟ್, ಅಂದರೆ ಕೊಳ್ಳುವುದರ ಮೇಲಿನ ತೆರಿಗೆ, ಶೇ 15ರಿಂದ ಶೇ 8ಕ್ಕೆ ಇಳಿಯಿತು. ಹೆಚ್ಚು ಕಡಿಮೆ ನಿನ್ನದೇ ಲೆಕ್ಕ. ಮೊದಲು ವರ್ಷಕ್ಕೆ 1.2 ಕೋಟಿ ಅಲ್ಲಿನ ರೂಪಾಯಿ ವಹಿವಾಟು ಇದ್ದವರು ವ್ಯಾಟ್ ಕಟ್ಟಬೇಕಿತ್ತು. ಆ ಮಿತಿಯನ್ನು ಒಂದೇ ಏಟಿಗೆ 30 ಕೋಟಿಗೆ ಏರಿಸಿದರು. ಸಂಬಳದಲ್ಲೇ ತೆರಿಗೆ ಹಿಡಿದುಕೊಳ್ಳುವ ಪದ್ಧತಿಯನ್ನೂ ತೆಗೆದರು. ನೀನು ಅಲ್ಲಿ ಇದ್ದಿದ್ದರೆ ಹಾರ ಹಾಕಿ ಬರುತ್ತಿದ್ದೆ. ನಾನೂ ನಿನ್ನ ಜೊತೆ ಬರುತ್ತಿದ್ದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಆಮೇಲೆ ಕೊರೊನಾ ಬಂತು, ಪ್ರವಾಸಿಗರು ನಿಂತರು. ಸರ್ಕಾರದ ತೆರಿಗೆ ಆದಾಯ 2020ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ 8ರ ಆಸುಪಾಸಿಗೆ ಕುಸಿಯಿತು. ಬಂದ ಆದಾಯದ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹಳೇ ಸಾಲದ ಬಡ್ಡಿಗೇ ಹೋಯಿತು. ಹೊರಗಿನವರು ಹೊಸ ಸಾಲ ಕೊಡಲು ಹಿಂದೇಟು ಹಾಕಿದರು. ನೋಟು ಅಚ್ಚು ಹಾಕಿ ಸಂಸಾರ ತೂಗಿಸಿದರು. ಇದು ಸಾಲದು ಅಂತ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರವನ್ನು ರಾತ್ರೋರಾತ್ರಿ ನಿಷೇಧಿಸಿದರು. ಭತ್ತದ ಬೆಳೆ ಬಿದ್ದುಹೋಯಿತು. 2022ರ ಏಪ್ರಿಲ್ 12ಕ್ಕೆ "ವಿದೇಶಿ ಸಾಲ ತೀರಿಸಲು ಈಗ ಆಗುವುದಿಲ್ಲ" ಅಂತ ಕೈ ಎತ್ತಿದರು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ದಿನಕ್ಕೆ ಹದಿಮೂರು ಗಂಟೆವರೆಗೆ ಕರೆಂಟ್ ಇಲ್ಲ. ಜುಲೈ 9ರಂದು ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ಅಲ್ಲಿನ ಈಜುಕೊಳದಲ್ಲಿ ಹುಡುಗರು ಈಜುತ್ತಿದ್ದ ವಿಡಿಯೊ ನೀನೇ ನನಗೆ ಕಳಿಸಿದ್ದೆ, ನೆನಪಿದೆಯಾ? ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70ರ ಹತ್ತಿರ ಹೋಗಿತ್ತು.

ಅಂದರೆ ಆ ಜನ ತೆರಿಗೆ ಕಟ್ಟಲಿಲ್ಲ ಅಂತೀಯಾ? ಕಟ್ಟಿದರು ಕಣೋ. ರಸೀದಿ ಇಲ್ಲದೆ ಕಟ್ಟಿದರು. ನಿನ್ನೆಯ ಉಳಿತಾಯ ಇವತ್ತು ಅರ್ಧ ಆಗುವುದಕ್ಕಿಂತ ದೊಡ್ಡ ತೆರಿಗೆ ಯಾವುದಿದೆ? ಯಾವ ಸಂಸತ್ತಿನಲ್ಲೂ ಅದಕ್ಕೆ ಮತ ಹಾಕುವುದಿಲ್ಲ, ಯಾವ ಬಜೆಟ್ ಭಾಷಣದಲ್ಲೂ ಅದು ಬರುವುದಿಲ್ಲ. ಮನೆ, ಚಿನ್ನ, ಡಾಲರ್ ಇದ್ದವನು ಹೇಗೋ ಬಚಾವಾಗುತ್ತಾನೆ. ಕೈಯಲ್ಲಿ ಬರೀ ನೋಟು ಇದ್ದವನು ಕಟ್ಟುತ್ತಾನೆ. ಕೊನೆಗೆ ಆ ವ್ಯಾಟ್ ಕೂಡ ಬಿಡಲಿಲ್ಲ. ಶೇ 8 ಇದ್ದದ್ದು 12 ಆಯಿತು, 15 ಆಯಿತು, 2024ರ ಜನವರಿಯಿಂದ 18. ಇಳಿಸುವುದಕ್ಕೆ ಮೊದಲು ಇದ್ದದ್ದಕ್ಕಿಂತ ಮೇಲೆ.

ನೀನು ಏನು ಹೇಳುತ್ತೀಯ ಅಂತ ಗೊತ್ತು. "ತಪ್ಪು ತೆರಿಗೆ ಇಳಿಸಿದ್ದರಲ್ಲಿ ಅಲ್ಲ, ಖರ್ಚು ಮಾಡಿದ್ದರಲ್ಲಿ." ಅದೂ ನಿಜ. ಅದೇ ದೇಶದಲ್ಲಿ ಸಾಲ ತಂದು ಮತ್ತಲ ಅನ್ನುವ ಕಡೆ ದೊಡ್ಡ ವಿಮಾನ ನಿಲ್ದಾಣ ಕಟ್ಟಿ 2013ರಲ್ಲಿ ತೆರೆದರು. ಇಳಿಯುವ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುತ್ತಾರಲ್ಲ, ಇಲ್ಲಿ ತುಪ್ಪ ತಿಂದವರು ಬೇರೆ, ಸಾಲ ತೀರಿಸುವವರು ಬೇರೆ.

ಹಾಗಂತ ಕಷ್ಟಕಾಲದಲ್ಲಿ ತೆರಿಗೆ ಏರಿಸಿದರೆ ಒಳ್ಳೆಯದಾಗುತ್ತದೆ ಅಂತಲೂ ಅಲ್ಲ. ಜಪಾನ್ 2014ರ ಏಪ್ರಿಲ್‌ನಲ್ಲಿ ಕೊಳ್ಳುವ ವಸ್ತುಗಳ ಮೇಲಿನ ತೆರಿಗೆಯನ್ನು ಶೇ 5ರಿಂದ 8ಕ್ಕೆ ಏರಿಸಿತು. ಏರುವ ಮೊದಲೇ ಜನ ಬೇಕಾದ್ದನ್ನೆಲ್ಲ ಕೊಂಡು ಇಟ್ಟುಕೊಂಡರು, ಆಮೇಲೆ ಜೇಬು ಮುಚ್ಚಿಕೊಂಡು ಕೂತರು. ಆರ್ಥಿಕತೆ ಕುಸಿಯಿತು. ಶೇ 10ಕ್ಕೆ ಏರಿಸುವುದನ್ನು ಎರಡು ಸಲ ಮುಂದೂಡಿ, ಕೊನೆಗೆ 2019ರ ಅಕ್ಟೋಬರ್‌ನಲ್ಲಿ ಮಾಡಿದರು.

ಈಗ ನನ್ನ ತಲೆ ಕೊರೆಯುತ್ತಿರುವ ಪ್ರಶ್ನೆ. ಡೆನ್ಮಾರ್ಕ್‌ನಲ್ಲಿ ದೇಶದ ಉತ್ಪನ್ನದ ಶೇ 40ಕ್ಕಿಂತ ಜಾಸ್ತಿ ತೆರಿಗೆಯಾಗಿ ಹೋಗುತ್ತದೆ. ಅದಕ್ಕಾಗಿ ಅಲ್ಲಿ ಯಾರೂ ಸಂಸತ್ತಿಗೆ ಬೆಂಕಿ ಹಚ್ಚಲಿಲ್ಲ. ಕೀನ್ಯಾದಲ್ಲಿ ಅದರ ಅರ್ಧವೂ ಹೋಗುವುದಿಲ್ಲ. ಅಲ್ಲಿ 2024ರ ಜೂನ್ 25ರಂದು ಸಂಸತ್ ಭವನದ ಒಂದು ಭಾಗ ಹೊತ್ತಿ ಉರಿಯಿತು. ಯಾಕೆ?

ಜನ ಸಿಟ್ಟಾದದ್ದು ಸರ್ಕಾರ ತಂದ ಹಣಕಾಸು ಮಸೂದೆಗೆ. ಅದರಲ್ಲಿ ಏನಿತ್ತು ನೋಡು. ಬ್ರೆಡ್ಡಿನ ಮೇಲೆ ಶೇ 16 ವ್ಯಾಟ್ ಹಾಕುವ ಪ್ರಸ್ತಾಪ ಇತ್ತು. ವಾಹನ ಇದ್ದವರು ಪ್ರತಿ ವರ್ಷ ಅದರ ಬೆಲೆಯ ಶೇ 2.5 ಕಟ್ಟಬೇಕು ಅಂತ ಇತ್ತು. ಇವೆರಡನ್ನೂ ಗಲಾಟೆ ಶುರುವಾದ ಮೇಲೆ ಕೈಬಿಟ್ಟರು, ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. ಹಿಂದಿನ ವರ್ಷವಷ್ಟೇ ಪೆಟ್ರೋಲ್, ಡೀಸೆಲ್ ಮೇಲಿನ ವ್ಯಾಟನ್ನು ಶೇ 8ರಿಂದ 16ಕ್ಕೆ ಏರಿಸಿದ್ದರು. ಕಾಲೇಜು ಮುಗಿಸಿ ಕೆಲಸ ಸಿಗದೆ ಕೂತ ಹುಡುಗ ಹುಡುಗಿಯರು ಮಸೂದೆಯನ್ನು ಬಿಡಿಸಿ, ತಮ್ಮ ತಮ್ಮ ಭಾಷೆಗೆ ತಂದು, ಫೋನಿನಲ್ಲಿ ಹಂಚಿದರು. ಸುಮ್ನೆ ಬೈದದ್ದಲ್ಲ, ಓದಿ ಬೈದರು. ಅದಕ್ಕೇ ಸರ್ಕಾರಕ್ಕೆ ಭಯ ಆದದ್ದು ಅಂತ ನನಗನ್ನಿಸುತ್ತದೆ. ಪ್ರತಿಭಟನೆಯಲ್ಲಿ ಹತ್ತಾರು ಜನರ ಪ್ರಾಣ ಹೋಯಿತು. ಸಂಸತ್ತಿಗೆ ಬೆಂಕಿ ಬಿದ್ದ ಮರುದಿನ ಅಧ್ಯಕ್ಷ ವಿಲಿಯಂ ರುಟೊ ಮಸೂದೆಗೆ ಸಹಿ ಹಾಕುವುದಿಲ್ಲ ಅಂದರು. ಎರಡು ವಾರದಲ್ಲಿ ಹೆಚ್ಚು ಕಡಿಮೆ ಇಡೀ ಸಂಪುಟವನ್ನೇ ಮನೆಗೆ ಕಳಿಸಿದರು.

ಅಲ್ಲಿ ಜನ ಕೆರಳಿದ್ದು ಎಷ್ಟು ಕೇಳಿದರು ಅನ್ನೋದಕ್ಕಿಂತ ಯಾರನ್ನು ಕೇಳಿದರು ಅನ್ನೋದಕ್ಕೆ. ಸಾಲ ಮಾಡಿದವರು ಯಾರೋ, ದುಂದು ಮಾಡಿದವರು ಯಾರೋ, ಬ್ರೆಡ್ಡು ಕೊಳ್ಳುವವನು ತೀರಿಸಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇದೇನೂ ಹೊಸ ಚಾಳಿ ಅಲ್ಲ. ಯುದ್ಧದ ಖರ್ಚಿಗೆ ಅಂತ ಇಂಗ್ಲೆಂಡಿನಲ್ಲಿ 1380ರಲ್ಲಿ ತಲೆಗೆ ಒಂದು ಶಿಲ್ಲಿಂಗ್ ಲೆಕ್ಕದಲ್ಲಿ ತೆರಿಗೆ ಹಾಕಿದರು. ಮರುವರ್ಷ ರೈತರು ದಂಗೆ ಎದ್ದು ಲಂಡನ್‌ಗೇ ನುಗ್ಗಿದರು. ಅಷ್ಟು ಸಾಲದು ಅನ್ನುವ ಹಾಗೆ, ಆರು ನೂರು ವರ್ಷ ಆದಮೇಲೆ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮತ್ತೆ ತಲೆಗಂದಾಯ ತಂದರು. ಮೊದಲು 1989ರಲ್ಲಿ ಸ್ಕಾಟ್ಲೆಂಡಿಗೆ, ಮರುವರ್ಷ ಇಂಗ್ಲೆಂಡಿಗೆ. ತೀರಾ ಬಡವರಿಗೆ ರಿಯಾಯಿತಿ ಇತ್ತು. ಉಳಿದಂತೆ ಒಂದೇ ಊರಿನ ಬಂಗಲೆಯವನಿಗೂ ಬಾಡಿಗೆ ಕೋಣೆಯವನಿಗೂ ಒಂದೇ ಮೊತ್ತ. 1990ರ ಮಾರ್ಚ್ 31ಕ್ಕೆ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆ ಆಯಿತು, ನವೆಂಬರ್‌ನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. ಬೇರೆ ಕಾರಣಗಳೂ ಇದ್ದವು, ಆದರೆ ಇದು ಸಣ್ಣದಲ್ಲ.

ಸರ್ಕಾರಗಳು ಹೀಗೆ ಯಾಕೆ ಮಾಡುತ್ತವೆ ಅಂದರೆ, ನನಗೆ ಕಂಡ ಉತ್ತರ ಬಹಳ ಸಪ್ಪೆಯದು. ನಾವು ಸುಲಭವಾಗಿ ಸಿಗುತ್ತೇವೆ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಹಿಡಿಯಬಹುದು. ಬಿಲ್ಲಿನಲ್ಲೇ ವಸೂಲು ಮಾಡಬಹುದು. ದೊಡ್ಡ ಕಂಪನಿಯ ಲಾಭ ಹಾಗಲ್ಲ, ಅದು ಕಾಗದದ ಮೇಲೆ ಸಮುದ್ರ ದಾಟಿ ತೆರಿಗೆ ಇಲ್ಲದ ದ್ವೀಪಕ್ಕೆ ಹೋಗಿ ಕೂರುತ್ತದೆ. ಎಲ್ಲಿದ್ದರೂ ಕನಿಷ್ಠ ಶೇ 15 ಕಟ್ಟಲೇಬೇಕು ಅಂತ 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಜಾರಿ ಇನ್ನೂ ಕುಂಟುತ್ತಿದೆ. ನಿನ್ನ ಸಂಬಳದ ಕಡಿತ ಯಾವತ್ತಾದರೂ ಕುಂಟಿದೆಯಾ?

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ನಿನ್ನ ಮುಂದೆ ಮುಖ ಎತ್ತಲು ಆಗುವುದಿಲ್ಲ. ಹೋದ ವರ್ಷ ಮನೆಯ ಮಾಡು ರಿಪೇರಿ ಮಾಡಿಸಿದೆನಲ್ಲ, ಆಗ ಕೆಲಸ ಹಿಡಿದವನು "ಬಿಲ್ ಬೇಕಾ, ಬೇಡವಾ?" ಅಂತ ಕೇಳಿದ. ಬಿಲ್ ಬೇಡ ಅಂದರೆ ಎಷ್ಟು ಕಡಿಮೆ ಆಗುತ್ತದೆ ಅಂತಲೂ ಹೇಳಿದ. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಬೇಡ ಅಂದೆ. ಆ ಕ್ಷಣದಲ್ಲಿ ನನಗೆ ಗೆದ್ದ ಹಾಗೇ ಅನಿಸಿತ್ತು, ಸರ್ಕಾರಕ್ಕೆ ಸರಿಯಾಗಿ ಮಾಡಿದೆ ಅಂತ. ಸಂಬಳದವನು ತಪ್ಪಿಸಿಕೊಳ್ಳಲು ಸಿಗುವ ಕಿಂಡಿ ಅದೊಂದೇ ಅಲ್ವಾ ಅಂತ ಸಮಾಧಾನವನ್ನೂ ಮಾಡಿಕೊಂಡೆ. ಆಮೇಲೆ ತಿಳಿಯಿತು, ನಾನು ತಪ್ಪಿಸಿದ ಆ ಪಾಲನ್ನು ಮತ್ತೆ ಸೋಪಿನ ಮೇಲೆ ಹಾಕುತ್ತಾರೆ. ಹಾಕಿದ್ದಕ್ಕೆ ನಾನೇ ಮತ್ತೆ ಬೈಯುತ್ತೇನೆ.

ಅದಕ್ಕೇ ನಿನ್ನ ಕೋಪದಲ್ಲಿ ನನಗೂ ಪಾಲಿದೆ, ನೀನು ಹೇಳುವ ಮದ್ದಿನಲ್ಲಿ ಇಲ್ಲ. ಅರ್ಧಕ್ಕೆ ಇಳಿಸಿ ಅಂತ ಕೇಳುವ ಬದಲು ಯಾರಿಂದ ಎಷ್ಟು ತಗೊಂಡಿರಿ, ಎಲ್ಲಿ ಹಾಕಿದಿರಿ, ಯಾರನ್ನು ಬಿಟ್ಟಿರಿ, ಲೆಕ್ಕ ತೋರಿಸಿ ಅಂತ ಕೇಳೋಣ. ನಾನು ಒಬ್ಬನೇ ಕೇಳಿದರೆ ನಗುತ್ತಾರೆ. ಕೀನ್ಯಾದ ಆ ಹುಡುಗರ ಹಾಗೆ ಕೂತು ಓದುವ ತಾಳ್ಮೆ ನಮಗಿದೆಯಾ, ಗೊತ್ತಿಲ್ಲ. ಮುಂದಿನ ತಿಂಗಳು ಆ ಕಡೆ ಬರುತ್ತೇನೆ. ನಿನ್ನ ಸಂಬಳದ ಚೀಟಿಗಳನ್ನು ತೆಗೆದಿಟ್ಟಿರು, ನನ್ನವನ್ನೂ ತರುತ್ತೇನೆ. ಒಂದು ಸಂಜೆ ಇಬ್ಬರೂ ಸಾಲು ಸಾಲಾಗಿ ಓದೋಣ. ಕೆಲಸದ ವಿಚಾರ ಏನಾಯಿತು ಅಂತಲೂ ಬರಿ. ಮನೆಗೆ ಕಳಿಸುವವರ ಪಟ್ಟಿಯಲ್ಲಿ ನಿನ್ನ ಹೆಸರು ಇಲ್ಲ ತಾನೇ?

ಅಂದಹಾಗೆ, ಆ ಮಾಡು ಈ ಮಳೆಗೆ ಮತ್ತೆ ಸೋರುತ್ತಿದೆ. ಕೆಲಸ ಹಿಡಿದವನಿಗೆ ಫೋನ್ ಮಾಡಿದೆ. "ನಾನು ಮಾಡಿದ್ದು ಅಂತ ಏನಿದೆ ಸಾರ್ ನಿಮ್ಮ ಹತ್ತಿರ?" ಅಂದ. ಏನೂ ಇಲ್ಲ.

ನಿನ್ನ ಗೆಳೆಯ