ಉಪ್ಪುನೀರಿನ ಟ್ಯಾಂಕಲ್ಲಿ ಅನಿಮೋನಿ (ಹೂವಿನಂತೆ ಕಾಣುವ ಕಡಲ ಜೀವಿ) ಇಟ್ಟವರು ಒಂಚೂರು ನೋಡಿ

ಕೋಲಾರದಲ್ಲಿ ಬಿಸಿಲು ಶುರುವಾಗಿದೆ, ಟ್ಯಾಂಕ್ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಉಪ್ಪುನೀರು ಬೇಡ, ಬರೀ ಆರ್‌ಒ ನೀರು ಹಾಕಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ನಮ್ಮ ಬಿಂದಿಗೆಗಳಲ್ಲಿ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ವಾ? ಟ್ಯಾಂಕಿನ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರ್ಯಾವಿಟಿ) 1.025ರ ಹತ್ತಿರ, ಶಾಖ 25–27 ಡಿಗ್ರಿ ಇರಲಿ.

ಮೊನ್ನೆ ನನ್ನ ಬಬಲ್ ಟಿಪ್ ಜಾತಿಯ ಅನಿಮೋನಿ ರಾತ್ರೋರಾತ್ರಿ ಕಲ್ಲು ಬಿಟ್ಟು ಹೊರಟಿತ್ತು. ಬೆಳಿಗ್ಗೆ ನೋಡಿದರೆ ಪಂಪಿನ ಬಾಯಿಗೆ ಒಂದೇ ಗೇಣು ದೂರ! ಸ್ಪಂಜು ಕಟ್ಟಿದ್ದಕ್ಕೆ ಬಚಾವ್. ಅಲೆದಾಡಿದರೆ ಸುಮ್ನೆ ಎಳೆಯಬೇಡಿ, ಕಲ್ಲಿಗೆ ಅಂಟಿಕೊಳ್ಳುವ ಪಾದ ಹರಿದರೆ ಉಳಿಯುವುದು ಕಷ್ಟ. ಮೈ ಕರಗಿ ಕೊಳೆತ ವಾಸನೆ ಬಂದರೆ ಮಾತ್ರ ತಕ್ಷಣ ತೆಗೆಯಿರಿ, ಇಡೀ ಟ್ಯಾಂಕ್ ಕೆಡುತ್ತದೆ. ಕರೆಂಟ್ ಹೋಗುವ ಕಾಲ ಇದು, ಬ್ಯಾಟರಿ ಏರ್‌ಪಂಪ್ ಪಕ್ಕದಲ್ಲೇ ಇರಲಿ.