ಹಳೇ ಹೆಸರಿನ ಹೊಸ ಹೋಟೆಲಿಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ

ವಿಷಯ: ನಿಮ್ಮ ಹೋಟೆಲಿನಲ್ಲಿ ಹಿರಿಯರಿಗೆ ಆದ ತೊಂದರೆ, ಮತ್ತು ಬಿಲ್ಲಿಗೆ ಸೇರಿಸಿದ ಸರ್ವಿಸ್ ಚಾರ್ಜ್ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ಭಾನುವಾರ ಬೆಳಿಗ್ಗೆ ಅಮ್ಮ, ಮಗಳು ಮತ್ತು ನಾನು ಬೆಂಗಳೂರಿನ ನಿಮ್ಮ ಹೊಸ ಶಾಖೆಗೆ ತಿಂಡಿಗೆ ಬಂದಿದ್ದೆವು. ಅಮ್ಮನಿಗೆ 76 ವರ್ಷ. ಮಂಡಿ ನೋವಿನಿಂದಾಗಿ ಹೊರಗೆ ಹೋಗುವುದೇ ಕಡಿಮೆ. ಆದರೆ ನಿಮ್ಮ ಹೋಟೆಲು ಮತ್ತೆ ಶುರುವಾಗಿದೆ ಅಂತ ಗೊತ್ತಾದ ದಿನದಿಂದ ಅವಳೇ ಕೇಳುತ್ತಿದ್ದಳು, "ಯಾವತ್ತು ಕರ್ಕೊಂಡು ಹೋಗ್ತೀಯ?" ಅಂತ. ಬೀರುವಿನಲ್ಲಿದ್ದ ಒಳ್ಳೆ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು.

ಅವಳಿಗೆ ಯಾಕೆ ಅಷ್ಟು ಆಸೆ ಅಂತ ನಿಮಗೆ ಹೇಳಬೇಕು. ಇಲ್ಲದಿದ್ದರೆ ಈ ಪತ್ರ ಸುಮ್ನೆ ಒಂದು ಬಿಲ್ಲಿನ ಜಗಳದ ಹಾಗೆ ಕಾಣುತ್ತದೆ.

ನಾವು ತಿಪಟೂರಿನವರು. ದೀಪಾವಳಿಗೆ ಬಟ್ಟೆ ತರಲು ವರ್ಷಕ್ಕೊಂದು ಸಲ ರೈಲಿನಲ್ಲಿ ತುಮಕೂರಿಗೆ ಹೋಗುತ್ತಿದ್ದೆವು. ಬಟ್ಟೆ ಅಂಗಡಿ ಮುಗಿದ ಮೇಲೆ ನಿಮ್ಮ ಹೋಟೆಲು. ಅದಕ್ಕೆ ಅಂತಲೇ ಅಪ್ಪ ಬೇರೆ ದುಡ್ಡು ತೆಗೆದಿಡುತ್ತಿದ್ದರು. ಗಲ್ಲಾದ ಹಿಂದೆ ಗಣಪತಿ ಫೋಟೋ, ಊದುಬತ್ತಿ ವಾಸನೆ, ಅದರ ಪಕ್ಕದಲ್ಲೇ ಫ್ಯಾಮಿಲಿ ರೂಮು. ಬಾಗಿಲಿಗೆ ಹಸಿರು ಪರದೆ. ಕುಂದಾಪುರದ ಕಡೆಯ ಸಪ್ಲೈಯರ್ ಒಬ್ಬರು ಬಂದು ಇಡ್ಲಿ, ವಡೆ, ಖಾಲಿ ದೋಸೆ, ಮಸಾಲೆ, ಪೂರಿ ಸಾಗು, ಚೌಚೌ ಬಾತ್ ಅಂತ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಾವು ಮಕ್ಕಳು ಬೇಕಂತಲೇ "ಇನ್ನೊಂದು ಸಲ ಹೇಳಿ" ಅನ್ನುತ್ತಿದ್ದೆವು. ಅವರು ಬೇಜಾರಿಲ್ಲದೆ ಹೇಳುತ್ತಿದ್ದರು.

ಮನೆಯಲ್ಲಿ ಅಮ್ಮ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕೊನೆಗೆ ತಿನ್ನುವವಳು. ಆ ರೂಮಿನಲ್ಲಿ ಮಾತ್ರ ಸಪ್ಲೈಯರ್ ಮೊದಲು ಅವಳನ್ನೇ ಕೇಳುತ್ತಿದ್ದರು, "ನಿಮಗೇನು ಕೊಡ್ಲಿ ಅಮ್ಮಾ?" ಅವಳು ತಿನ್ನುವುದು ಮುಗಿಯುವವರೆಗೆ ಬಿಸಿ ಸಾಂಬಾರು ಹಿಡಿದು ಎರಡು ಮೂರು ಸಲ ಬರುತ್ತಿದ್ದರು. ವರ್ಷಕ್ಕೆ ಅದೊಂದು ದಿನ ಅವಳಿಗೆ ಬೇರೆಯವರು ಬಡಿಸುತ್ತಿದ್ದರು. ನಮಗೆ ನಿಮ್ಮ ಹೋಟೆಲಿನ ಹೆಸರು ಅಂದರೆ ಇದು.

ಭಾನುವಾರ ಏನಾಯಿತು ಅಂತ ಈಗ ಹೇಳುತ್ತೇನೆ. ನಾವು ಕೂತ ಮೇಲೆ ಅಮ್ಮ ಅಲ್ಲಿದ್ದ ಹುಡುಗನನ್ನು ಕರೆದು, "ಏನೇನಿದೆ ಹೇಳಪ್ಪಾ" ಅಂದಳು. ಅವನು ಟೇಬಲ್ ಮೇಲಿನ ಸ್ಟಿಕ್ಕರ್ ತೋರಿಸಿ "ಸ್ಕ್ಯಾನ್ ಮಾಡಿ ಮೇಡಂ" ಅಂದು ಹೊರಟ. ಅಮ್ಮನ ಹತ್ತಿರ ಇರುವುದು ಬಟನ್ ಫೋನು. ನಾನು ಸ್ಕ್ಯಾನ್ ಮಾಡಿದರೆ ಬಂದ ಮೆನು ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡದ್ದು ಕಾಗದದಲ್ಲಿ ಇದ್ದರೆ ಕೊಡಿ ಅಂತ ಕೇಳಿದೆ. ಇಲ್ಲ ಅಂದರು. ನಾನೇ ಒಂದೊಂದಾಗಿ ಓದಿ ಹೇಳಿದೆ. ಅಷ್ಟು ಹೊತ್ತಿಗೆ ಅವಳು "ನಿನಗೆ ಇಷ್ಟ ಬಂದಿದ್ದು ಹೇಳು" ಅಂದುಬಿಟ್ಟಳು.

ಕುರ್ಚಿಗಳ ಬದಲು ಬೆನ್ನಿಗೆ ಆಸರೆಯೇ ಇಲ್ಲದ ಎತ್ತರದ ಸ್ಟೂಲುಗಳಿವೆ. ಅವಳನ್ನು ಕೂರಿಸಲು ಮಗಳೂ ನಾನೂ ಎರಡೂ ಕಡೆ ಹಿಡಿಯಬೇಕಾಯಿತು. ಕೊನೆಗೆ ಬೈಟು ಕಾಫಿ ಕೇಳಿದೆವು, ಕೊಡಲಿಲ್ಲ. ಫುಲ್ ಕಾಫಿಯನ್ನೇ ತೆಗೆದುಕೊಂಡು, ಇನ್ನೊಂದು ಖಾಲಿ ಲೋಟ ಕೊಡಿ ಅಂದರೆ ಅದೂ ಇಲ್ಲ. ಅರ್ಧ ಕಾಫಿ ಇರುವಾಗಲೇ ಟೇಬಲ್ ಬಿಡಿ, ಜನ ಕಾಯುತ್ತಿದ್ದಾರೆ ಅಂದರು. ಬಾಗಿಲ ಹತ್ತಿರ ಜನ ಇದ್ದದ್ದು ನಿಜ. ಆದರೂ ಮುದುಕಿಯೊಬ್ಬಳು ಲೋಟ ಕೆಳಗಿಡುವವರೆಗೆ ಕಾಯಬಹುದಿತ್ತು, ಅಲ್ವಾ?

ಆ ಹುಡುಗನ ಮೇಲೆ ನನ್ನ ದೂರಿಲ್ಲ. ಅಷ್ಟೊಂದು ಟೇಬಲ್‌ಗೆ ಇದ್ದವರು ಇಬ್ಬರೇ ಹುಡುಗರು. ಅವರಿಗೆ ಒಂದು ನಿಮಿಷ ನಿಂತು ಮಾತಾಡಲು ಪುರುಸೊತ್ತಿರಲಿಲ್ಲ. ಅದು ನೀವು ಮಾಡಿದ ವ್ಯವಸ್ಥೆ.

ಇನ್ನು ಬಿಲ್ಲು. ತಿಂಡಿ, ಕಾಫಿ ಸೇರಿ 1,140 ರೂಪಾಯಿ. ಅದರ ಮೇಲೆ ಶೇಕಡಾ 10ರಂತೆ 114 ರೂಪಾಯಿ ಸರ್ವಿಸ್ ಚಾರ್ಜ್. ಎರಡೂ ಸೇರಿದ ಮೊತ್ತದ ಮೇಲೆ ಶೇಕಡಾ 5ರ ಜಿಎಸ್‌ಟಿ. ಒಟ್ಟು 1,316 ರೂಪಾಯಿ 70 ಪೈಸೆ. ಸರ್ವಿಸ್ ಚಾರ್ಜ್ ತೆಗೆಯಿರಿ ಅಂದಾಗ ನಿಮ್ಮ ಮ್ಯಾನೇಜರ್ "ಸಿಸ್ಟಮ್‌ನಲ್ಲೇ ಬರುತ್ತೆ, ತೆಗೆಯಕ್ಕಾಗಲ್ಲ" ಅಂದರು. ಅಮ್ಮನಿಗೆ ನಿಲ್ಲಲು ಆಗುತ್ತಿರಲಿಲ್ಲ, ಹಾಗಾಗಿ ಕೊಟ್ಟು ಬಂದೆ. ಬಿಲ್ಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಹೋಟೆಲುಗಳು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಬಾರದು, ಕೊಡುವುದು ಬಿಡುವುದು ಗ್ರಾಹಕರ ಇಷ್ಟ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಅದನ್ನು ಬಿಲ್ಲಿಗೆ ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕಬಾರದು ಅಂತಲೂ ಅದರಲ್ಲೇ ಇದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ನಿಯಮವನ್ನು ಎತ್ತಿಹಿಡಿದಿದೆ. ನ್ಯಾಯವಾಗಿ ನಮ್ಮ ಬಿಲ್ಲು 1,197 ರೂಪಾಯಿ ಆಗಬೇಕಿತ್ತು. ಉಳಿದ 119 ರೂಪಾಯಿ 70 ಪೈಸೆ ನನಗೆ ವಾಪಸ್ ಬರಬೇಕು. ಹದಿನೈದು ದಿನದೊಳಗೆ ಬರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ.

ಹಳೆಯದು ಹಾಗೇ ಇರಲಿ ಅಂತ ನಾನು ಹಟ ಮಾಡುತ್ತಿಲ್ಲ. ಫ್ಯಾಮಿಲಿ ರೂಮಿನ ಪರದೆ ಈಗ ಬೇಕಿಲ್ಲ, ಹೆಂಗಸರು ಎಲ್ಲಿ ಬೇಕಾದರೂ ಕೂತು ತಿನ್ನುವ ಕಾಲ ಬಂದದ್ದು ಒಳ್ಳೆಯದೇ. ನಿಂತು ಹೋದ ಹೋಟೆಲು ಮತ್ತೆ ಚೆನ್ನಾಗಿ ನಡೆದದ್ದೂ ಇದೆ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್ ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ ಬಾಗಿಲು ಹಾಕಿ ಆಮೇಲೆ ತೆರೆಯಿತು. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ, ಕೆಲಸ ಕಳೆದುಕೊಂಡ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಮತ್ತೆ ನಡೆಸಿದರು. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಜಾಗ ಬದಲಾದರೂ ಹಳೇ ಗಿರಾಕಿಗಳು ಹುಡುಕಿಕೊಂಡು ಹೋದರು.

ನೀವು ದೊಡ್ಡ ಖರ್ಚು ಮಾಡಬೇಕಾಗಿಲ್ಲ. ಬೆನ್ನಿಗೆ ಆಸರೆ ಇರುವ ನಾಲ್ಕು ಕುರ್ಚಿ ಹಾಕಿ. ಕನ್ನಡದಲ್ಲಿ ದಪ್ಪ ಅಕ್ಷರದ ಮೆನು ಇಡಿ. ಬೈಟು ಕಾಫಿ ಕೊಡಿ. ಇನ್ನಿಬ್ಬರು ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಳ್ಳಿ, ಟೇಬಲ್ ಹತ್ತಿರ ಬಂದು ಏನು ಬೇಕು ಅಂತ ಕೇಳಲು ಅವರಿಗೆ ಸಮಯ ಸಿಗಲಿ. ದೋಸೆ ಚೆನ್ನಾಗಿಯೇ ಇತ್ತು. ಅದನ್ನೂ ಹೇಳಬೇಕು. ಕೆಂಪು ಚಟ್ನಿ ಬಾಯಿಗಿಟ್ಟ ತಕ್ಷಣ ಅಮ್ಮ "ಅದೇ ರುಚಿ ಕಣೇ" ಅಂದಳು. ಅಡುಗೆ ಮನೆಯಲ್ಲಿ ಯಾರೋ ಹಳೆಯದನ್ನು ನೆನಪಿಟ್ಟುಕೊಂಡಿದ್ದಾರೆ. ಅವರಿಗೆ ನಮ್ಮ ನಮಸ್ಕಾರ ತಿಳಿಸಿ.

ಹೊರಗೆ ಬರುವಾಗ ಅಮ್ಮ ಗೋಡೆಯ ಮೇಲಿನ ಹಳೇ ಫೋಟೋಗಳ ಮುಂದೆ ನಿಂತಳು. ಅದರಲ್ಲಿ ತುಮಕೂರಿನ ಶಾಖೆಯ ಫ್ಯಾಮಿಲಿ ರೂಮೂ ಇದೆ. "ಇಲ್ಲೇ ಕೂತ್ಕೋತಿದ್ವಿ" ಅಂತ ಮೊಮ್ಮಗಳಿಗೆ ಮೂಲೆ ಟೇಬಲ್ ತೋರಿಸಿದಳು. ಆಟೋದಲ್ಲಿ ಮನೆವರೆಗೂ ಮಾತಾಡಲಿಲ್ಲ.

ನಿಮ್ಮ ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ಅಮ್ಮ ತಾನೇ ಓದುತ್ತಾಳೆ.

ಇಂತಿ,
ನಿಮ್ಮ ಹಳೇ ಗಿರಾಕಿಯ ಮಗಳು