ಟಕೋಮಾ ಸೇತುವೆ ಬಿದ್ದದ್ದು ಗಾಳಿಯ ಜೋರಿಗಲ್ಲ

ಕಾರವಾರ

ಪ್ರಿಯ ಗೆಳೆಯ,

ನೀನು ಕಳಿಸಿದ, ಅಮೆರಿಕದ ಟಕೋಮಾ ತೂಗುಸೇತುವೆ ಗಾಳಿಗೆ ತಿರುಚಿಕೊಂಡು ಬೀಳುವ ವಿಡಿಯೊ ನೋಡಿದೆ. 'ಗಂಟೆಗೆ 64 ಕಿ.ಮೀ. ಗಾಳಿಗೇ ಹೀಗಾದರೆ ನಿಮ್ಮ ಕಡಲ ಕಡೆಯ ಸೇತುವೆಗಳ ಗತಿ ಏನು ಮಾರಾಯ' ಅಂತ ಕೇಳಿದ್ದೀಯ.

ನಮ್ಮ ಕಾಳಿ ಸೇತುವೆ, ಹೊನ್ನಾವರದ ಶರಾವತಿ ಸೇತುವೆ ಎಲ್ಲ ಸಾಲುಗಂಬಗಳ ಮೇಲೆ ಕೂತ ಭಾರದ ಕಾಂಕ್ರೀಟು. ಗಾಳಿ ಅವನ್ನು ಕುಣಿಸಲಾರದು. 2024ರ ಆಗಸ್ಟಿನಲ್ಲಿ ಕಾಳಿಯ ಹಳೇ ಸೇತುವೆ ಕುಸಿದ ಕತೆಯೇ ಬೇರೆ, ಇದಕ್ಕೆ ಬೆರೆಸಬೇಡ.

ಟಕೋಮಾದಲ್ಲಿ ಎರಡು ಗೋಪುರಗಳ ನಡುವೆ 853 ಮೀಟರ್, ಅಗಲ ಮಾತ್ರ ಸುಮಾರು 12 ಮೀಟರ್. ಎರಡೂ ಅಂಚಿಗೆ 2.4 ಮೀಟರ್ ಎತ್ತರದ, ಗಾಳಿ ನುಸುಳಲು ಸಂದೇ ಇಲ್ಲದ ಉಕ್ಕಿನ ಹಲಗೆ. 1940ರ ಜುಲೈ 1ಕ್ಕೆ ತೆರೆದದ್ದು ನವೆಂಬರ್ 7ಕ್ಕೆ ನೀರುಪಾಲು. ಸತ್ತದ್ದು ಕಾರಿನಲ್ಲಿ ಸಿಕ್ಕಿಬಿದ್ದ ಒಂದು ನಾಯಿ, ಪಾಪ.

ಪಠ್ಯಪುಸ್ತಕಗಳು ಇದನ್ನು 'ರೆಸೊನೆನ್ಸ್', ಅಂದರೆ ಗಾಳಿಯ ತಾಳ ಸೇತುವೆಯ ಸ್ವಂತ ತೂಗಾಟದ ತಾಳಕ್ಕೆ ಕೂಡಿದ್ದು, ಅಂತ ಒಂದೇ ಮಾತಿನಲ್ಲಿ ಮುಗಿಸುತ್ತವೆ. ನನಗದು ಒಪ್ಪಿಗೆಯಿಲ್ಲ. ಬೈಕಿನ ಹಿಂದೆ ಕೂತು ಅಡಿಕೆ ಹಾಳೆ ಅಡ್ಡ ಹಿಡಿದಿದ್ದೀಯಲ್ಲ? ತುದಿ ಚೂರು ಎದ್ದರೆ ಸಾಕು, ಗಾಳಿ ಅದನ್ನು ಇನ್ನಷ್ಟು ಎತ್ತುತ್ತದೆ. ಸೇತುವೆಯ ರಸ್ತೆಯೂ ಹಾಗೇ. ಒಮ್ಮೆ ತಿರುಚಿಕೊಂಡಿತೆಂದರೆ ಆ ಓರೆಯೇ ಗಾಳಿಯಿಂದ ಶಕ್ತಿ ಹೀರುತ್ತದೆ. ಮುಂದಿನ ತಿರುಚು ಇನ್ನೂ ದೊಡ್ಡದು. ಹೀರುವ ಶಕ್ತಿ ಸೇತುವೆ ತನ್ನೊಳಗೇ ಕರಗಿಸಿಕೊಳ್ಳುವುದಕ್ಕಿಂತ ಹೆಚ್ಚಾಯಿತೋ, ಮುಗಿಯಿತು. ಇದಕ್ಕೆ 'ಫ್ಲಟರ್' ಅನ್ನುತ್ತಾರೆ. ಗಾಳಿಗೆ ತಾಳವೇನೂ ಬೇಕಿಲ್ಲ, ಒಂದು ಮಿತಿ ದಾಟಿ ಒಂದೇ ಸಮ ಬೀಸಿದರೆ ಸಾಕು.

ಆ ಮಿತಿಯನ್ನು ಅಲ್ಲಿ ಬೀಸಬಹುದಾದ ಅತಿ ಜೋರು ಗಾಳಿಗಿಂತ ಮೇಲೆ ಇಡುವುದೇ ಇಂದಿನ ವಿನ್ಯಾಸಕಾರರ ಪಾಡು. 1950ರ ಹೊಸ ಟಕೋಮಾಕ್ಕೆ ಗಾಳಿ ಹಾದುಹೋಗುವ ಆಳವಾದ ಉಕ್ಕಿನ ಜಾಲ ಕಟ್ಟಿದರು, ರಸ್ತೆಯ ನಡುವೆಯೂ ಜಾಲರಿಯ ಪಟ್ಟಿ ಬಿಟ್ಟರು. ಬ್ರಿಟನ್ನಿನ ಸೆವೆರ್ನ್ ಸೇತುವೆಯವರು 1966ರಲ್ಲಿ ಬೇರೆ ದಾರಿ ಹಿಡಿದರು: ವಿಮಾನದ ರೆಕ್ಕೆಯಂತೆ ಅಂಚು ಚೂಪಾದ ತೆಳು ಪೆಟ್ಟಿಗೆ. ನನಗೆ ಇಷ್ಟವಾದದ್ದು ಇದೇ, ಉಕ್ಕೂ ಉಳಿಯಿತು. ಜಪಾನಿನ ಅಕಾಶಿ ಕೈಕ್ಯೊ ಸೇತುವೆ, ಗೋಪುರಗಳ ನಡುವೆಯೇ 1991 ಮೀಟರಿನದು, ಕಟ್ಟುವ ಮೊದಲು ನೂರನೇ ಒಂದರಷ್ಟು ಅಳತೆಯ, 40 ಮೀಟರ್ ಉದ್ದದ ಮಾದರಿ ಮಾಡಿ ಗಾಳಿ ಸುರಂಗದಲ್ಲಿ ನಿಲ್ಲಿಸಿ ನೋಡಿದ್ದರು.

ಇಷ್ಟಾದರೂ ಆಟ ಮುಗಿದಿಲ್ಲ ನೋಡು. ಚೀನಾದ ಹುಮೆನ್ ಸೇತುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸುಮ್ಮನಿತ್ತು. 2020ರ ಮೇ 5ರಂದು ಅಲೆಅಲೆಯಾಗಿ ಏಳತೊಡಗಿತು. ತಜ್ಞರು ಹೇಳಿದ ಮುಖ್ಯ ಕಾರಣ: ರಿಪೇರಿಗೆಂದು ಅಂಚಿನುದ್ದಕ್ಕೂ ಸಾಲಾಗಿ ಇಟ್ಟ, ನೀರು ತುಂಬಿದ ತಡೆಗಳು. ಅಷ್ಟಕ್ಕೇ ಗಾಳಿಗೆ ಸೇತುವೆಯ ಆಕಾರ ಬದಲಾಗಿತ್ತು. ಇದು ಫ್ಲಟರ್ ಅಲ್ಲ, ಸೇತುವೆಯನ್ನು ದಾಟುವಾಗ ಗಾಳಿಯಲ್ಲಿ ಏಳುವ ಸುಳಿಗಳು ಕುಣಿಸಿದ ಕುಣಿತ. ಸೇತುವೆಗೆ ಏನೂ ಆಗಲಿಲ್ಲ.

ಮಳೆ ಬಿಟ್ಟ ಮೇಲೆ ಬಾ, ಜೋಯಿಡಾ ಕಡೆಯ ಶಿವಪುರದ ತೂಗುಸೇತುವೆಗೆ ಹೋಗೋಣ. ಅಲ್ಲಿ ಗಾಳಿಯನ್ನು ದೂರಬೇಡ, ನಾವು ನಡೆದರೇ ಅಲುಗಾಡುತ್ತದೆ.

ನಿನ್ನ ಗೆಳೆಯ